ಇಸ್ತ್ರಿ ರೋಲರಿನ ಮುಂದೆ ಅವಳೊಬ್ಬಳನ್ನೇ ನಿಲ್ಲಿಸಿದವರಿಗೆ

ನಗರದ ಆಸ್ಪತ್ರೆಗಳ ಆಡಳಿತ ಮಂಡಳಿಯ ಸಿಬ್ಬಂದಿ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಸಭಾ ಕೊಠಡಿಯ ಗೋಡೆಗೆ ಹಾಕಿದ್ದ ದೊಡ್ಡ ಕಂಪ್ಯೂಟರ್ ಪರದೆಯನ್ನು ಬೆಂಕಿ ಆರಿಸುವ ಸಿಲಿಂಡರಿನಿಂದ ಏಕೆ ಒಡೆದೆ ಎಂದು ಕೇಳಿ ನನಗೆ ನೋಟಿಸು ಕಳಿಸಿದ್ದೀರಿ. ಉತ್ತರಿಸಲು ಏಳು ದಿನ ಕೊಟ್ಟಿದ್ದೀರಿ. ಹೊಸ ತಂತ್ರಾಂಶದಲ್ಲಿ ಐನೂರು ಅಕ್ಷರ ಹಿಡಿಸುವ ಒಂದು ಚೌಕವನ್ನೂ ಕೊಟ್ಟಿದ್ದೀರಿ. ನಿಮ್ಮ ಔದಾರ್ಯ ದೊಡ್ಡದು. ಆದರೆ ನನ್ನ ನಾದಿನಿಯ ಬಲಗೈಯ ನಾಲ್ಕು ಬೆರಳು ಸುಟ್ಟು ಹೋದ ಸಂಗತಿ ಆ ಚೌಕದಲ್ಲಿ ಹಿಡಿಸಲಿಲ್ಲ. ಎರಡು ಸಲ ಬರೆದು ನೋಡಿದೆ. ಅದನ್ನು ಮಾಡಿದವನು ಅವಳ ಜುಟ್ಟು ಹಿಡಿಯುವಷ್ಟರಲ್ಲಿ ಅಕ್ಷರ ಮುಗಿದವು. ಆದ್ದರಿಂದ ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ. ಪರದೆ ಒಡೆದದ್ದು ನಾನೇ. ಮೂರು ಏಟು ಹಾಕಿದೆ. ಇದರಲ್ಲಿ ವಿಚಾರಣೆ ಮಾಡುವಂಥದ್ದೇನೂ ಇಲ್ಲ. ವಿಚಾರಣೆ ಆಗಬೇಕಾದದ್ದು ಬೇರೆಯದಿದೆ.

ನಾನು ನಿಮ್ಮದೇ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತಮೂರು ವರ್ಷದಿಂದ ಗುಮಾಸ್ತೆ. ನನ್ನ ಗಂಡನ ತಂಗಿ ನಮ್ಮ ಆಸ್ಪತ್ರೆಗಳ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ರೋಗಿಗಳ ಹಾಸಿಗೆಯ ಮೇಲಿನ ಬಿಳಿ ಚಾದರ, ಶಸ್ತ್ರಚಿಕಿತ್ಸೆಯ ಹಸಿರು ನಿಲುವಂಗಿ, ಇವೆಲ್ಲ ಒಗೆದು ಹಿಂಡಿದ ಮೇಲೆ ಅವಳ ಕೈಯಿಂದಲೇ ಆವಿಯ ರೋಲರಿನೊಳಗೆ ಹೋಗುತ್ತಿದ್ದವು. ಮೂರಾಳು ಉದ್ದದ ಉಕ್ಕಿನ ರೋಲರು. ಒಂದು ಕಡೆಯಿಂದ ಒದ್ದೆ ಬಟ್ಟೆ ಕೊಟ್ಟರೆ ಇನ್ನೊಂದು ಕಡೆಯಿಂದ ಹಪ್ಪಳದ ಹಾಗೆ ಹೊರಬರುತ್ತದೆ. ನಿಮ್ಮ ಅಂಗಿಯ ಕಾಲರನ್ನು ನೋಡಿದರೆ ನೀವು ಇಸ್ತ್ರಿಯ ಬೆಲೆ ಬಲ್ಲವರು. ಇಸ್ತ್ರಿ ಮಾಡುವವರನ್ನು ಮಾತ್ರ ಎಂದೂ ನೋಡಿದವರಲ್ಲ.

ಅದೇ ಲಾಂಡ್ರಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಅವನು ಅವಳ ಗಂಡನಾಗಿದ್ದವನು. ಮದುವೆಯಾದ ನಾಲ್ಕು ವರ್ಷದಲ್ಲಿ ಅವಳ ಎರಡು ಹಲ್ಲು ಉದುರಿಸಿದ್ದ. ಒಮ್ಮೆ ಬಚ್ಚಲಿನ ನಲ್ಲಿಗೆ ತಲೆ ಬಡಿದು ಹುಬ್ಬು ಸೀಳಿದ್ದ. ಇನ್ನೊಮ್ಮೆ ಅವಳು ಒಳಗಿಂದ ಚಿಲಕ ಹಾಕಿಕೊಂಡಾಗ ಬಾಗಿಲನ್ನೇ ಒಡೆದು, ಅದೇ ಬಾಗಿಲಿನ ತುಂಡಿನಿಂದ ಹೊಡೆದಿದ್ದ. ನನ್ನ ಗಂಡ ಹೋಗಿ ತಂಗಿಯನ್ನು ಕರೆತಂದ ದಿನ ಅವಳ ಬಾಯಿ ಎಷ್ಟು ಊದಿತ್ತೆಂದರೆ, ನೀರು ಕುಡಿಸಲು ನಾನು ಹತ್ತಿಯನ್ನು ಅದ್ದಿ ಹಿಂಡಬೇಕಾಯಿತು. ನ್ಯಾಯಾಲಯ ಅವರನ್ನು ಬೇರೆ ಮಾಡಿತು. ಕಚೇರಿ ಮಾತ್ರ ಅದು ಮನೆಯ ವಿಷಯ ಎಂದು ಅವನ ಕೆಲಸವನ್ನು ಉಳಿಸಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಆಗಿನ ದೊಡ್ಡವರಿಗೂ ಬಾಯಿಪಾಠವಾಗಿತ್ತು. ಇವಳಿಗೆ ಉಣ್ಣಲು ಹಲ್ಲೇ ಇರಲಿಲ್ಲ ಎಂಬುದು ಬೇರೆ ಮಾತು.

ಆಗ ನಮಗೊಬ್ಬರು ಅಧೀಕ್ಷಕಿ ಇದ್ದರು, ಈಗ ನಿವೃತ್ತರು. ಅವರು ಒಂದು ಪುಟದ ಆದೇಶ ಹೊರಡಿಸಿದರು: ಈ ಇಬ್ಬರು ಒಂದೇ ಕಟ್ಟಡದಲ್ಲಿ ಕೆಲಸ ಮಾಡತಕ್ಕದ್ದಲ್ಲ, ಅವನು ಯಾವ ಕಾಲಕ್ಕೂ ಇವಳ ಮೇಲೆ ಅಧಿಕಾರ ಚಲಾಯಿಸತಕ್ಕದ್ದಲ್ಲ. ಅವನು ದೊಡ್ಡಾಸ್ಪತ್ರೆಯ ಹಿಂದಿನ ಹಳೆ ಲಾಂಡ್ರಿಯಲ್ಲಿ ಉಳಿದ, ಇವಳನ್ನು ಹೆರಿಗೆ ಆಸ್ಪತ್ರೆಯ ಹಿಂದಿನ ಹೊಸ ಲಾಂಡ್ರಿಗೆ ಹಾಕಿದರು. ಆ ಹಾಳೆಯನ್ನು ಕಡತಕ್ಕೆ ಹೊಲಿದು ನನ್ನ ಕೈಗೆ ಕೊಟ್ಟು, "ಇದನ್ನ ಕಾಯೋದು ನಿನ್ನ ಕೆಲಸ ಕಣಮ್ಮ. ಆದೇಶ ತಾನಾಗೇ ಏನನ್ನೂ ಕಾಯಲ್ಲ" ಎಂದಿದ್ದರು. ಆರು ವರ್ಷ ಕಾದೆ. ಪ್ರತಿ ತಿಂಗಳು ಪಾಳಿ ಪಟ್ಟಿ ಬರೆಯುವಾಗ ಮೊದಲು ಅವನ ಹೆಸರು ಎಲ್ಲಿದೆ ಎಂದು ನೋಡಿ, ಆಮೇಲೆ ಇವಳ ಹೆಸರು ಬರೆಯುತ್ತಿದ್ದೆ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ಅವಳು ಬೇರೆ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಕಿಟಕಿಗೆ ಹಳದಿ ಪರದೆ ಹೊಲಿದುಕೊಂಡಳು. ಭಾನುವಾರ ನಮ್ಮ ಮನೆಗೆ ಬಂದು ಅಣ್ಣನ ಜೊತೆ ಜಗಳವಾಡಿ, ನನ್ನ ಅಡುಗೆಗೆ ಉಪ್ಪು ಕಡಿಮೆ ಎಂದು ಹೇಳಿ, ಎರಡು ಸಲ ಬಡಿಸಿಕೊಂಡು ಉಂಡು ಹೋಗುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಬಿಟ್ಟಿದ್ದಳು.

ಆಮೇಲೆ ನೀವು ಬಂದಿರಿ, ನಿಮ್ಮೊಂದಿಗೆ ಕ್ಲೌಡ್ ಎಂಬ ಹೊಸ ತಂತ್ರಾಂಶ ಬಂತು.

ಯೋಜನೆಯ ಮೊದಲ ಸಭೆಯಲ್ಲಿ ನೀವು ಆಡಿದ ಮಾತು ನನಗೆ ನೆನಪಿದೆ. "ಇನ್ಮೇಲೆ ಎರಡು ಸಾವಿರದ ನಾನೂರು ನೌಕರರೂ ಒಂದೇ ಪರದೆಯ ಮೇಲೆ ಕಾಣ್ತಾರೆ. ಕಾಗದದ ಕಾಲ ಮುಗೀತು." ಗೋಡೆಯ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದ್ದರು. ಯಾವ ವಾರ ಹಳೆ ಮಾಹಿತಿ ತುಂಬುವುದು, ಯಾವ ವಾರ ಯಾರ ಮೇಲೆ ಯಾರು ಎಂಬ ಏಣಿ ಕಟ್ಟುವುದು, ಯಾವ ವಾರ ಪರೀಕ್ಷೆ, ಯಾವ ದಿನ ಉದ್ಘಾಟನೆ. ಉದ್ಘಾಟನೆಯ ಚೀಟಿ ಮಾತ್ರ ಮೊದಲೇ ಅಂಟಿಸಿಯಾಗಿತ್ತು. ಉಳಿದವು ಅದಕ್ಕೆ ತಕ್ಕಂತೆ ಸರಿಯಬೇಕಿತ್ತು. ನೀವು ಕರೆಸಿದ ಸಲಹೆಗಾರ ಒಳ್ಳೆಯ ಮಾತುಗಾರ. ಏನು ಕೇಳಿದರೂ "ಅದು ಎರಡನೇ ಹಂತ" ಎನ್ನುತ್ತಿದ್ದುದರಿಂದ ನಾವೆಲ್ಲ ಅವನಿಗೆ ಎರಡನೇ ಹಂತ ಎಂದೇ ಹೆಸರಿಟ್ಟಿದ್ದೆವು. ಎರಡು ಲಾಂಡ್ರಿಗಳನ್ನು ತಂತ್ರಾಂಶದಲ್ಲಿ ಒಂದೇ ವಿಭಾಗ ಮಾಡಿದ್ದು ಅವನೇ. ಏಣಿ ಚೆನ್ನಾಗಿ ಕಾಣುತ್ತದಂತೆ. ಒಂದು ವಿಭಾಗಕ್ಕೆ ಒಬ್ಬ ಮೇಲ್ವಿಚಾರಕ, ಸೇವೆಯಲ್ಲಿ ಯಾರು ಹಿರಿಯರೋ ಅವರು. ಹಿರಿಯ ಯಾರೆಂದು ನೀವೇ ಊಹಿಸಿ.

ನಾನು ಕಡತ ಹಿಡಿದು ಎದ್ದು ನಿಂತೆ. "ಈ ಇಬ್ಬರು ಒಟ್ಟಿಗೆ ಬರಬಾರದು ಅಂತ ಆದೇಶ ಇದೆ. ಇದನ್ನ ಎಲ್ಲಿ ಹಾಕೋದು?" ಎಂದು ಕೇಳಿದೆ.

"ಅದಕ್ಕೆ ಜಾಗ ಇಲ್ಲ ಮೇಡಂ," ಎಂದ ಸಲಹೆಗಾರ.

"ಮಾಡಿ."

"ಇಬ್ಬರಿಗೋಸ್ಕರ ಇಡೀ ವ್ಯವಸ್ಥೆ ಬದಲಾಯಿಸಕ್ಕಾಗಲ್ಲ. ಎರಡನೇ ಹಂತದಲ್ಲಿ ನೋಡೋಣ."

"ಅಷ್ಟರಲ್ಲಿ ಅವನು ಅವಳನ್ನ ಕೊಂದ್ರೆ?"

ಆಗ ನೀವು ನಕ್ಕಿರಿ, ಮಾನ್ಯರೇ. ಕೆಟ್ಟದಾಗಿ ನಕ್ಕಿರಿ ಎಂದು ಹೇಳಲಾರೆ. ಹಠ ಮಾಡುವ ಮಗುವನ್ನು ನೋಡಿ ನಗುವಂತೆ ನಕ್ಕಿರಿ. "ಅಮ್ಮಾ, ನಿಮಗೆ ಎಲ್ಲದಕ್ಕೂ ವಿನಾಯಿತಿ ಬೇಕು. ಮನೆ ಜಗಳಾನ ಮನೇಲೇ ಬಿಟ್ಟು ಬನ್ನಿ," ಎಂದಿರಿ. ಕೊಠಡಿಯಲ್ಲಿ ಹನ್ನೊಂದು ಜನರಿದ್ದರು. ಎಲ್ಲರೂ ನಕ್ಕರು. ನಾನು ಕೂರಲಿಲ್ಲ. ನನ್ನ ಬಾಯಿ ಮುಚ್ಚಿಸಲು ಸಲಹೆಗಾರ ಒಂದು ದಾರಿ ತೋರಿಸಿದ: ಪಾಳಿ ಬದಲಾವಣೆ ಕೇಳುವವರು 'ಸುರಕ್ಷತೆ' ಎಂಬ ಕಾರಣ ಆರಿಸಿದರೆ ಆ ಅರ್ಜಿ ಮೇಲ್ವಿಚಾರಕನಿಗೆ ಹೋಗದೆ ನೇರ ನಮ್ಮ ವಿಭಾಗಕ್ಕೆ ಬರುತ್ತದೆ. ಚಿತ್ರ ಬಿಡಿಸಿಯೂ ತೋರಿಸಿದ. ನಾನು ನಂಬಿದೆ.

ಪರೀಕ್ಷೆಯ ವಾರ ಬಂತು. ನನ್ನ ಪಾಲಿಗೆ ಇನ್ನೂರು ಚಿಲ್ಲರೆ ಪರೀಕ್ಷೆಗಳು. 'ನೌಕರ ಒಂದು', 'ನೌಕರ ಎರಡು' ಎಂಬ ಸುಳ್ಳು ಹೆಸರಿನವರು ರಜೆ ಕೇಳಿದರು, ಬಡ್ತಿ ಪಡೆದರು, ವರ್ಗವಾದರು. ಯಾರಿಗೂ ಗಂಡಂದಿರಿರಲಿಲ್ಲ. ನಿಜವಾದ ಹೆಸರುಗಳನ್ನು ಹಾಕಿ ಒಂದು ವಾರ ನಡೆಸಿ ನೋಡೋಣ ಎಂದು ಕೇಳಿದೆ. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ದಿನಾಂಕ ಕದಲುವುದಿಲ್ಲ ಎಂದಿರಿ. 'ಸುರಕ್ಷತೆ' ಕಾರಣದ ಪರೀಕ್ಷೆಯ ಎದುರು 'ಆಗಬೇಕಿದೆ' ಎಂದು ಬರೆದಿತ್ತು. ಈ ಒಂದು ಬಾಕಿ ಇದೆ, ಒಪ್ಪಿಗೆ ಪತ್ರಕ್ಕೆ ಸಹಿ ಹೇಗೆ ಹಾಕಲಿ ಎಂದು ನಿಮ್ಮ ಕೊಠಡಿಗೇ ಬಂದು ಕೇಳಿದೆ. "ಹಾಕಿ, ಉದ್ಘಾಟನೆಯೊಳಗೆ ಮಾಡಿಸ್ತೀನಿ," ಎಂದಿರಿ. ಹಾಕಿದೆ.

ಹೌದು. ನಾನೇ ಹಾಕಿದೆ. ಇಪ್ಪತ್ತಮೂರು ವರ್ಷ ಕಾಗದ ಓದಿದವಳು 'ಆಗಬೇಕಿದೆ' ಎಂಬ ಪದವನ್ನು ಕಣ್ಣಾರೆ ಕಂಡು, ಅದರ ಕೆಳಗೆ 'ಎಲ್ಲವೂ ಸರಿಯಾಗಿದೆ' ಎಂದು ಸಹಿ ಹಾಕಿದೆ. ನಿಮ್ಮನ್ನು ಬಯ್ಯುವ ಮುಂಚೆ ಇದನ್ನು ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ.

ಉದ್ಘಾಟನೆಯಾದ ಮರುದಿನ ಬೆಳಗ್ಗೆ ಏಳು ಗಂಟೆಗೆ ನಾದಿನಿ ನಮ್ಮ ಬಾಗಿಲಿಗೆ ಬಂದಳು. ಚಪ್ಪಲಿ ಅದಲು ಬದಲು ಹಾಕಿಕೊಂಡಿದ್ದಳು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. 'ನಿಮ್ಮ ಮೇಲ್ವಿಚಾರಕರು' ಎಂದಿತ್ತು. ಕೆಳಗೆ ಅವನ ಹೆಸರು, ನಗುತ್ತಿರುವ ಫೋಟೊ.

"ಅತ್ತಿಗೆ, ಇವನಿಗೆ ನನ್ನ ಮನೆ ವಿಳಾಸ ಕಾಣುತ್ತಾ?"

ಮೇಲ್ವಿಚಾರಕರಿಗೆ ಕೈಕೆಳಗಿನವರ ವಿಳಾಸ, ಫೋನು, ಪಾಳಿ, ಎಲ್ಲ ಕಾಣುವಂತೆ ಮಾಡಿದ್ದನ್ನು ನಾನೇ ಪರೀಕ್ಷಿಸಿದ್ದೆ.

"ಹೇಳು ಅತ್ತಿಗೆ."

"ಕಾಣುತ್ತೆ ಕಣೆ."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ನನ್ನ ಗಂಡ ಸ್ಪ್ಯಾನರು ಎತ್ತಿಕೊಂಡು ಹೊರಟರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಅವರ ಕೈ ಹಿಡಿದು ನಿಲ್ಲಿಸಿ, ಹೇಳಬಾರದ ಮಾತು ಹೇಳಿದೆ. "ಕಾನೂನು ಪ್ರಕಾರ ಹೋಗೋಣ. ಅದಕ್ಕೊಂದು ದಾರಿ ಮಾಡಿಸಿದ್ದೀನಿ." ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಸುರಕ್ಷತೆ' ಎಂಬ ಕಾರಣ ಆರಿಸಿದೆ. ನನ್ನ ಬೆರಳಿನಿಂದಲೇ ಬರೆದೆ: 'ಈ ವ್ಯಕ್ತಿಯಿಂದ ನನ್ನ ಜೀವಕ್ಕೆ ಅಪಾಯವಿದೆ. ಇವನ ಕೈಕೆಳಗೆ ಕೆಲಸ ಮಾಡಲಾರೆ.' ಒತ್ತಿದೆ.

ಒಂಬತ್ತು ನಿಮಿಷದಲ್ಲಿ ಉತ್ತರ ಬಂತು. 'ತಿರಸ್ಕರಿಸಲಾಗಿದೆ. ಮೇಲ್ವಿಚಾರಕರ ಟಿಪ್ಪಣಿ: ಎದುರಿಗೆ ಬಂದು ಮಾತಾಡು.'

ಆ ದಾರಿಯನ್ನು ನೀವು ಮಾಡಿಸಿರಲಿಲ್ಲ, ಮಾನ್ಯರೇ; ಅರ್ಜಿ ಅವನಿಗೇ ಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇನೆ. ಹೊಲವೇ ಬೇಲಿಗೆ ಅರ್ಜಿ ಹಾಕಿಕೊಳ್ಳಬೇಕೆಂಬ ನಿಯಮವನ್ನು ನಿಮ್ಮ ಕಾಲದಲ್ಲಿ ಕಂಡೆ. ನಾನು ನಿಮ್ಮ ಆಪ್ತ ಕಾರ್ಯದರ್ಶಿಯ ಬಳಿ ಓಡಿದೆ. ಅವರು ದೂರಿನ ಸಂಖ್ಯೆ ಕೇಳಿದರು. ಸಹಾಯವಾಣಿಗೆ ಫೋನು ಮಾಡಿ ಸಂಖ್ಯೆ ತಂದೆ. ಅದರ ಮುಂದೆ 'ತುರ್ತು: ಕಡಿಮೆ' ಎಂದಿತ್ತು. ನೀವು ಮೆಟ್ಟಿಲ ಬಳಿ ಸಿಕ್ಕಿರಿ. ಆದೇಶದ ಹಾಳೆಯನ್ನು ನಿಮ್ಮ ಮುಂದೆ ಹಿಡಿದೆ. ನೀವು ಅದನ್ನು ಮುಟ್ಟಲೂ ಇಲ್ಲ. "ಸಿಸ್ಟಮ್‌ನಲ್ಲಿ ಹಾಕಿ," ಎಂದು ಇಳಿದು ಹೋದಿರಿ. ಆ ಒಂದು ಹಾಳೆಯನ್ನು ಓದಲು ಎಷ್ಟು ಹೊತ್ತು ಬೇಕಿತ್ತು? ನಾನು ಲೆಕ್ಕ ಹಾಕಿದ್ದೇನೆ. ಗಟ್ಟಿಯಾಗಿ ಓದಿದರೂ ಅರ್ಧ ನಿಮಿಷ.

ನಾದಿನಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಎರಡೂ ದಿನ ಮೊಬೈಲಿಗೆ 'ಅನುಮತಿಯಿಲ್ಲದ ಗೈರುಹಾಜರಿ' ಎಂಬ ಎಚ್ಚರಿಕೆ ಬಂತು. ಮೂರನೇ ದಿನವೂ ಬರದಿದ್ದರೆ ತಾನಾಗಿಯೇ ಅಮಾನತು ಎಂದಿತ್ತು. "ನಾನ್ಯಾಕೆ ಕೆಲಸ ಕಳ್ಕೋಬೇಕು? ತಪ್ಪು ಮಾಡಿದವಳು ನಾನಾ?" ಎಂದು ಕೇಳಿದಳು. ಮೂರನೇ ದಿನ ನನ್ನ ಗಂಡ ಅವಳನ್ನು ಗೇಟಿನವರೆಗೆ ಬಿಟ್ಟು ಬಂದರು. ಇಸ್ತ್ರಿ ಕೋಣೆಯಲ್ಲಿ ಇನ್ನೂ ಆರು ಜನ ಹೆಂಗಸರಿದ್ದಾರೆ, ಏನೂ ಆಗುವುದಿಲ್ಲ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಹತ್ತೂ ನಲವತ್ತಕ್ಕೆ ಆ ಆರು ಜನರ ಮೊಬೈಲುಗಳು ಒಟ್ಟಿಗೆ ಸದ್ದು ಮಾಡಿದವು. 'ನಿಮ್ಮ ಚಹಾ ವಿರಾಮವನ್ನು ಹನ್ನೊಂದು ಗಂಟೆಗೆ ಬದಲಾಯಿಸಲಾಗಿದೆ.' ವಿರಾಮ ಬದಲಾಯಿಸುವ ಅಧಿಕಾರ ಮೇಲ್ವಿಚಾರಕನಿಗೆ ಇದೆಯಲ್ಲ. ಇವಳ ಮೊಬೈಲು ಮಾತ್ರ ಸುಮ್ಮನಿತ್ತು. ಹನ್ನೊಂದಕ್ಕೆ ಅವರು ಹೊರಗೆ ಹೋದರು. ರೋಲರು ತಿರುಗುತ್ತಿರುವಾಗ ಒಬ್ಬರು ಮುಂದೆ ಇರಲೇಬೇಕು, ಇವಳು ಉಳಿದಳು. ಹನ್ನೊಂದೂ ಮೂರಕ್ಕೆ ಅವನು ಒಳಗೆ ಬಂದು ಬಾಗಿಲ ಅಗುಳಿ ಹಾಕಿದ.

ಉಳಿದದ್ದನ್ನು ಅವಳ ಬಾಯಿಂದ ಕೇಳಿದಂತೆ ಬರೆಯುತ್ತೇನೆ, ಮೆತ್ತಗೆ ಮಾಡುವುದಿಲ್ಲ. ಅವನು ಮೊದಲು ಮಾತಾಡಿದ. "ಜೀವಕ್ಕೆ ಅಪಾಯ ಅಂತ ಬರೀತೀಯಾ? ಊರಿಗೆಲ್ಲ ಓದಿಸ್ತೀಯಾ?" ಅವಳು ರೋಲರು ನಿಲ್ಲಿಸುವ ಹಗ್ಗದ ಕಡೆಗೆ ಕೈ ಚಾಚಿದಳು. ಅವನು ಜುಟ್ಟು ಹಿಡಿದು ಎಳೆದು, ಮುಖವನ್ನು ಕಬ್ಬಿಣದ ಮೇಜಿಗೆ ಬಡಿದ. ಮೂಗು ಮುರಿದು ಒದ್ದೆ ಚಾದರದ ಮೇಲೆಲ್ಲ ರಕ್ತ ಹರಡಿತು. ಅವಳು ಅವನ ಕೈಯನ್ನು ಮೂಳೆ ಸಿಗುವ ತನಕ ಕಚ್ಚಿದಳು. ಅವನು ಅವಳ ಬಲ ಮುಂಗೈ ಹಿಡಿದು, ಬಟ್ಟೆ ಕೊಡುವ ಹಾಗೆ, ರೋಲರಿಗೆ ಕೊಟ್ಟ. ಬೆರಳುಗಳು ಒಳಗೆ ಹೋದವು. ಅಂಗೈ ಅರ್ಧಕ್ಕೆ ಸಿಕ್ಕಿಕೊಂಡರೂ ರೋಲರು ನಿಲ್ಲಲಿಲ್ಲ. ಚರ್ಮ ಸುಡುವ ವಾಸನೆ ಮೊದಲು ಬಂತು, ನೋವು ಆಮೇಲೆ ಬಂತು ಎಂದು ಅವಳು ಹೇಳುತ್ತಾಳೆ. ಅವನು ಅವಳನ್ನು ಇನ್ನೂ ಒಳಗೆ ನೂಕುತ್ತಿದ್ದ. ಒದ್ದೆ ಬಟ್ಟೆ ಎಳೆಯುವ ಕಬ್ಬಿಣದ ಕೊಕ್ಕೆ ಎಡಗಡೆ ನೇತಾಡುತ್ತಿತ್ತು. ಎಡಗೈಯಲ್ಲಿ ಅದನ್ನು ಕಿತ್ತುಕೊಂಡು, ನೋಡದೆಯೇ ಹಿಂದಕ್ಕೆ ಬೀಸಿದಳು. ಮೊದಲ ಏಟಿಗೆ ಅವನ ಹೆಗಲ ಮೂಳೆ ಮುರಿಯಿತು. ಎರಡನೆಯದು ಕೆನ್ನೆ ಸೀಳಿತು. ಅವನು ಬಿದ್ದ. ಬಿದ್ದವನಿಗೆ ಇನ್ನೂ ಒಂದು ಹೊಡೆದಳು, ಅದನ್ನೂ ಬರೆಯುತ್ತಿದ್ದೇನೆ. ಕಿರುಚಾಟ ಕೇಳಿ ಬಾಯ್ಲರಿನವನು ಆವಿ ನಿಲ್ಲಿಸಿ, ಕರೆಂಟು ತೆಗೆದು, ಬಾಗಿಲು ಮುರಿದು ಒಳಗೆ ಬಂದ. ಅವಳ ಕೈಯನ್ನು ರೋಲರಿನಿಂದ ಬಿಡಿಸಲು ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳಿಗೆ ಎಚ್ಚರವಿತ್ತು.

ನಮ್ಮದೇ ಆಸ್ಪತ್ರೆಯಲ್ಲಿ, ಅವಳೇ ಇಸ್ತ್ರಿ ಮಾಡಿದ್ದಿರಬಹುದಾದ ಚಾದರದ ಮೇಲೆ ಮಲಗಿಸಿ ನಾಲ್ಕು ಬೆರಳನ್ನೂ ಅರ್ಧ ಅಂಗೈಯನ್ನೂ ತೆಗೆದರು. ಹೆಬ್ಬೆರಳು ಉಳಿಯಿತು.

ಇದಾದ ಇಪ್ಪತ್ತಾರನೇ ದಿನ ನೀವು ಸಭಾ ಕೊಠಡಿಯಲ್ಲಿ ತಂತ್ರಾಂಶದ ಮೊದಲ ತಿಂಗಳ ಯಶಸ್ಸನ್ನು ಆಚರಿಸಿದಿರಿ. ನನ್ನನ್ನೂ ಕರೆದಿರಿ, ಪರೀಕ್ಷೆ ಮಾಡಿದವಳಲ್ಲವೇ. ಸಲಹೆಗಾರ ಪರದೆಯ ಮೇಲೆ ಹಸಿರು ಕಂಬಗಳನ್ನು ತೋರಿಸುತ್ತಿದ್ದ. "ಪಾಳಿ ಬದಲಾವಣೆ ಅರ್ಜಿಗಳು, ನೂರಕ್ಕೆ ನೂರು ವಿಲೇವಾರಿ. ಮುಂಚೆ ವಾರಗಟ್ಟಲೆ ಹಿಡೀತಿತ್ತು. ಈಗ ನೋಡಿ, ಒಂದು ಅರ್ಜಿ ಅಂತೂ ಒಂಬತ್ತೇ ನಿಮಿಷ!" ಅಂದ. ನೀವು ಚಪ್ಪಾಳೆ ತಟ್ಟಿದಿರಿ.

ನನಗೆ ಕಿವಿ ಕೇಳಿಸುವುದು ನಿಂತುಹೋಯಿತು. ಬಾಗಿಲ ಪಕ್ಕದ ಕೆಂಪು ಸಿಲಿಂಡರು ಎಷ್ಟು ಭಾರ ಎಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ; ಎತ್ತಿದಾಗ ಭಾರವೇ ಇರಲಿಲ್ಲ. ಮೊದಲ ಏಟು ಆ ಹಸಿರು ಕಂಬಕ್ಕೆ. ಎರಡನೆಯದಕ್ಕೆ ಗಾಜು ಸಲಹೆಗಾರನ ಬೂಟಿನ ಮೇಲೆ ಸುರಿಯಿತು. ಮೂರನೆಯದಕ್ಕೆ ಮೊದಲು ನಾನು ತಿರುಗಿ ನೋಡಿದೆ. ನಿಮ್ಮ ಬಲಗೈ ಮೇಜಿನ ಮೇಲಿತ್ತು, ಐದೂ ಬೆರಳು ಅಗಲಿಸಿಕೊಂಡು. ಸಿಲಿಂಡರು ನನ್ನ ತಲೆಯ ಮೇಲಿತ್ತು. ನೀವು ನನ್ನ ಕಣ್ಣು ನೋಡಿದಿರಿ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ನಿಮಗೆ ಆಗಲಿಲ್ಲ. ನನ್ನೊಳಗೆ ಏನಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮೂರನೇ ಏಟನ್ನೂ ಪರದೆಗೇ ಹಾಕಿದೆ. ಅದು ನನ್ನ ಒಳ್ಳೆಯತನವೆಂದು ಹೇಳಿಕೊಳ್ಳುವುದಿಲ್ಲ. ಯಾಕೆ ಕೈ ತಿರುಗಿತೋ ಇವತ್ತಿಗೂ ತಿಳಿಯದು.

ಈಗ ನಿಮ್ಮ ಕಚೇರಿಯ ಸ್ಥಿತಿ ಕೇಳಿ. ಮೇಸ್ತ್ರಿ ಜೈಲಿನಲ್ಲಿದ್ದಾನೆ, ತಂತ್ರಾಂಶದಲ್ಲಿ ಇವತ್ತಿಗೂ ಅವನೇ ಅವಳ ಮೇಲ್ವಿಚಾರಕ. ಅವಳ ಚಿಕಿತ್ಸಾ ರಜೆಯ ಅರ್ಜಿ ಅವನ ಒಪ್ಪಿಗೆಗೆ ಕಾದು ಕೂತಿದೆ, ದಿನಕ್ಕೊಂದು ಸಲ ಅವನಿಗೆ ವಿನಯದಿಂದ ನೆನಪಿಸುತ್ತಿದೆ. ನಿಮ್ಮ ಪ್ರಾಥಮಿಕ ವರದಿ ಇದನ್ನು 'ಇಬ್ಬರು ನೌಕರರ ನಡುವಿನ ವೈಯಕ್ತಿಕ ಕಲಹ' ಎಂದು ಕರೆದಿದೆ. ಇಬ್ಬರೂ ಆಯುಧ ಬಳಸಿದ್ದಾರೆಂದು ಅವಳಿಗೂ ನೋಟಿಸು ಕಳಿಸಿದ್ದೀರಿ. ಒಬ್ಬನ ಆಯುಧ ಕಚೇರಿ ಕೊಟ್ಟ ಅಧಿಕಾರ, ಅದರ ತುದಿಯಲ್ಲಿ ಆವಿ ತುಂಬಿದ ರೋಲರು. ಇನ್ನೊಬ್ಬಳದ್ದು ಬಟ್ಟೆ ಎಳೆಯುವ ಕೊಕ್ಕೆ. ಇವೆರಡೂ ನಿಮ್ಮ ತಕ್ಕಡಿಯಲ್ಲಿ ಹೇಗೆ ಸಮವಾದವು?

ನಾದಿನಿ ಈಗ ನಮ್ಮ ಮನೆಯಲ್ಲಿದ್ದಾಳೆ. ಒಂದು ಕೈಯಲ್ಲಿ ಜಡೆ ಹೆಣೆಯಲಾಗುವುದಿಲ್ಲ, ದಿನಾ ಬೆಳಗ್ಗೆ ನಾನೇ ಹೆಣೆಯುತ್ತೇನೆ. ಬಾಚಣಿಗೆ ಮುಟ್ಟಿದ ಕೂಡಲೇ ಅವಳ ಹೆಗಲು ಬಿಗಿಯುತ್ತದೆ; ಅದು ಸಡಿಲವಾಗುವ ತನಕ ಕಾಯುತ್ತೇನೆ. ಈ ಪತ್ರ ಬರೆಯುವ ಮುಂಚೆ ಸಹಿಯ ವಿಷಯ ಅವಳಿಗೆ ಹೇಳಿದೆ. ಬೆನ್ನು ತಿರುಗಿಸಿ ಕೂತಿದ್ದಳು, ಮುಖ ಕಾಣಲಿಲ್ಲ.

"ಗೊತ್ತಿದ್ದೂ ಹಾಕಿದ್ಯಾ?"

"ಮಾಡಿಸ್ತೀನಿ ಅಂದ್ರು. ನಂಬಿದೆ."

"ಕ್ಷಮಿಸಿದೆ ಅಂತ ಹೇಳಕ್ಕೆ ಬಾಯಿ ಬರ್ತಿಲ್ಲ ಅತ್ತಿಗೆ. ಬಂದಾಗ ಹೇಳ್ತೀನಿ. ಈಗ ಜಡೆ ಬಿಗಿಯಾಗಿ ಹಾಕು," ಎಂದಳು. ಆಮೇಲೆ, "ಪತ್ರದಲ್ಲಿ ನನ್ನ ಪಾಪದವಳು ಅಂತ ಬರೀಬೇಡ. ನಾನೂ ಹೊಡ್ದೆ ಅಂತ ಬರಿ," ಎಂದಳು. ಬರೆದಿದ್ದೇನೆ.

ನನ್ನ ಬೇಡಿಕೆಗೆ ಬರುತ್ತೇನೆ. ಅವಳಿಗೆ ಕೊಟ್ಟ ನೋಟಿಸನ್ನು ಇವತ್ತೇ ಹಿಂಪಡೆಯಿರಿ, ಅವನ ಹೆಸರನ್ನು ಅವಳ ಹೆಸರಿನ ಮೇಲಿಂದ ಇವತ್ತೇ ಕಿತ್ತುಹಾಕಿ; ಅದಕ್ಕೆ ಎರಡನೇ ಹಂತ ಬೇಡ, ಒಂದು ಬೆರಳು ಸಾಕು, ನಿಮಗೆ ಹತ್ತೂ ಇವೆ. ಜೀವಕ್ಕೆ ಅಪಾಯ ಎಂದು ಬರೆದವರ ಅರ್ಜಿಯನ್ನು ಒಬ್ಬ ಮನುಷ್ಯ ಓದಬೇಕು, ಓದಿದವರು ಕೆಳಗೆ ತಮ್ಮ ಹೆಸರು ಬರೆಯಬೇಕು. ಕೊನೆಯದಾಗಿ, ಪರೀಕ್ಷೆ ಮುಗಿದ ದಿನದ ಆ ಒಪ್ಪಿಗೆ ಪತ್ರವನ್ನು ತೆಗೆದು ನೋಡಿ. ಅದರಲ್ಲಿ ಎರಡು ಸಹಿಗಳಿವೆ. ಮೇಲಿನದು ನನ್ನದು, ಕೆಳಗಿನದು ನಿಮ್ಮದು. ಸಹಿ ಹಾಕಿದ ಇಬ್ಬರಲ್ಲಿ ನೋಟಿಸು ಒಬ್ಬಳಿಗೇ ಬಂದಿದೆ, ಅದೂ ಪರದೆ ಒಡೆದದ್ದಕ್ಕೆ. ವಿಚಾರಣೆ ನಡೆಯಲಿ, ಮುಚ್ಚಿದ ಕೊಠಡಿಯಲ್ಲಲ್ಲ, ಇಸ್ತ್ರಿ ಕೋಣೆಯಲ್ಲಿ, ಆ ಆರು ಹೆಂಗಸರೂ ಬಾಯ್ಲರಿನವನೂ ಕೂತು ಕೇಳುವಂತೆ. ನಾನು ಬಂದು ನನ್ನ ಸಹಿಗೆ ಉತ್ತರ ಹೇಳುತ್ತೇನೆ. ನನ್ನ ಪಕ್ಕದಲ್ಲಿ ನಿಮಗೂ ಒಂದು ಕುರ್ಚಿ ಹಾಕಿಸಿಟ್ಟಿರುತ್ತೇನೆ.

ಇಂತಿ,
ಓದಿ ತಿಳಿದೂ ಸಹಿ ಹಾಕಿದವಳು,
ಸಿಬ್ಬಂದಿ ವಿಭಾಗದ ಗುಮಾಸ್ತೆ, ಸದ್ಯ ಅಮಾನತಿನಲ್ಲಿ